ಮುಜಮ್ಮಿಲ್ ನೋಡಿಬಂದ ಗುಮ್ಮಟ

ಜಗಳೂರಿನಿಂದ ನ್ಯಾಮತಿವರೆಗೆ ದಾವೂದ್ ಮೇಸ್ತ್ರಿ ಕಟ್ಟಿದ ಗುಮ್ಮಟಗಳು ಹನ್ನೊಂದು. ಏಳು ಮಸೀದಿ, ದರ್ಗಾಗಳ ಮೇಲೆ. ನಾಲ್ಕು ಅಯ್ಯನವರ ಗದ್ದುಗೆಗಳ ಮೇಲೆ. ಚಂದ್ರ ಇಡುವವರು ಚಂದ್ರ ಇಡಲಿ, ಕಳಸ ಇಡುವವರು ಕಳಸ ಇಡಲಿ, ಅದರ ಕೆಳಗಿನದೆಲ್ಲ ನನ್ನದು ಅನ್ನುತ್ತಿದ್ದ. ಚನ್ನಗಿರಿಯಲ್ಲಿ ಅವನ ಮನೆಯ ಗೋಡೆ ತುಂಬ ಹಳೆ ಪೇಪರು, ಕ್ಯಾಲೆಂಡರುಗಳಿಂದ ಕತ್ತರಿಸಿದ ಚಿತ್ರಗಳು. ಇಸ್ತಾಂಬುಲಿನ ಅಯಾ ಸೋಫಿಯಾ, ರೋಮಿನ ದೊಡ್ಡ ಇಗರ್ಜಿ, ಜೆರುಸಲೇಮಿನ ಚಿನ್ನದ ಗುಮ್ಮಟ. ಸುಣ್ಣ ಹೊಡೆಸುವ ವರ್ಷ ಹೆಂಡತಿ ಚಮನಬಿ ಅವನ್ನೆಲ್ಲ ಕಿತ್ತು, ಸುಣ್ಣ ಒಣಗಿದ ಮೇಲೆ ಗೊಣಗುತ್ತಾ ಮತ್ತೆ ಅಂಟಿಸುತ್ತಿದ್ದಳು. ದಾವೂದ್ ಕಣ್ಣಾರೆ ನೋಡಿದ್ದು ಬಿಜಾಪುರದ್ದೊಂದೇ. ಮದುವೆಗೆ ಮುಂಚೆ ಹೋಗಿದ್ದವನು ಅದರ ಕೆಳಗೆ ತಲೆ ಎತ್ತಿ ಎಷ್ಟು ಹೊತ್ತು ನಿಂತಿದ್ದನೆಂದರೆ, ಕಾವಲಿನವನು ಬಂದು ಸೀಟಿ ಊದಿ ಹೊರಗೆ ಕಳಿಸಬೇಕಾಯಿತು.

ಇಂಥವನನ್ನು ಬಿಟ್ಟು ಇಸ್ತಾಂಬುಲಿಗೆ ಹೋಗಿದ್ದು ಯಾರು? ಮುಜಮ್ಮಿಲ್. ಚಮನಬಿಯ ತಮ್ಮ. ದಾವೂದನ ಕೈಕೆಳಗೇ ಕರಣೆ ಹಿಡಿಯಲು ಕಲಿತು, ಆಮೇಲೆ ಸ್ವಂತಕ್ಕೆ ಕೆಲಸ ಹಿಡಿದವನು. ಅವನ ಕೆಲಸವೆಂದರೆ ಬಚ್ಚಲು, ಕಾಂಪೌಂಡು, ಟೈಲ್ಸು. ಗುಂಡಗಿನದು ಏನನ್ನಾದರೂ ಅವನು ಕಟ್ಟಿದ್ದರೆ ಅದು ಹೊನ್ನಾಳಿಯ ಒಂದು ಮನೆಯ ತುಳಸಿಕಟ್ಟೆ. ಅದೂ ಒಂದು ಕಡೆ ಉಬ್ಬಿತ್ತು.

ಹೋಗಿದ್ದು ಹೇಗೆ ಅನ್ನುವುದೇ ದಾವೂದನ ಹೊಟ್ಟೆ ಉರಿಸುತ್ತಿದ್ದ ಸಂಗತಿ. ಟೈಲ್ಸ್ ಅಂಟಿಸುವ ಗಮ್ಮಿನ ಪ್ರತಿ ಚೀಲದೊಳಗೂ ಒಂದು ಕೂಪನ್ ಇರುತ್ತದೆ. ಅದನ್ನು ಮೇಸ್ತ್ರಿಯಾದವನು ತನ್ನ ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ ಇಷ್ಟು ಪಾಯಿಂಟು ಅಂತ ಕೂಡುತ್ತದೆ. ದಾವೂದನದು ಬಟನ್ ಫೋನು. ಮಸೀದಿ ಅಂದಮೇಲೆ ನೆಲಕ್ಕೆ, ನಮಾಜಿಗೆ ಮುಂಚೆ ಕೈಕಾಲು ತೊಳೆದು ವಜೂ ಮಾಡುವ ತೊಟ್ಟಿಗೆ ಟೈಲ್ಸ್ ಇದ್ದೇ ಇರುತ್ತದಲ್ಲ, ಅಲ್ಲೆಲ್ಲ ಸಿಕ್ಕ ಕೂಪನ್ನುಗಳನ್ನು, "ತಗಳೋ, ನೀನೇ ಹೊಡ್ಕೋ" ಅಂತ ನಾಲ್ಕು ವರ್ಷ ಮುಜಮ್ಮಿಲನ ಕಡೆ ಎಸೆದಿದ್ದ. ಯಾರಿಗೆ ಬೇಕಿತ್ತು ಆ ಕಾಗದದ ಚೂರು? ಹೆಚ್ಚೆಂದರೆ ಒಂದು ಬಕೇಟು ಕೊಡುತ್ತಿದ್ದರು.

ಈ ಸಲ ಕಂಪನಿಯವರು ಬಕೇಟು ಕೊಡಲಿಲ್ಲ.

"ದೂಲಾಭಾಯಿ!" ಅಂತ ಕೂಗುತ್ತಲೇ ಮುಜಮ್ಮಿಲ್ ಜಿಲೇಬಿ ಪೊಟ್ಟಣ ಹಿಡಿದು ಬಂದಿದ್ದ. ಅಕ್ಕನ ಗಂಡನನ್ನು ಅವನು ಕರೆಯುವುದೇ ಹಾಗೆ. "ರಾಜ್ಯಕ್ಕೆ ಮೂರು ಜನ ಆರಿಸ್ಯಾರೆ, ಅದರಾಗೆ ನಾನೊಬ್ಬ! ಇಸ್ತಾಂಬುಲ್, ರೋಮ್, ಎಂಟು ದಿನ. ಹಳೇ ಕಾಲದ ಮಸೀದಿ, ಇಗರ್ಜಿ ಎಲ್ಲಾ ತೋರಿಸ್ತಾರಂತೆ. ಮೇಸ್ತ್ರಿಗಳು ನೋಡಬೇಕಾದ್ದು ಅಂತ."

ದಾವೂದ್ ಕೈಗೆ ಬಂದ ಜಿಲೇಬಿಯನ್ನು ನೋಡುತ್ತಾ ಕುಳಿತ.

"ಯಾತಕ್ಕೆ ಕೊಟ್ರು?"

"ಅದೇ ಗಮ್ಮಿನ ಕೂಪನ್ನು. ನೀವು ಕೊಡ್ತಿದ್ರಲ್ಲ, ಅವೂ ಸೇರಿ."

ಚಮನಬಿ ಗಂಡನ ಮುಖ ನೋಡಿದಳು, ತಮ್ಮನ ಮುಖ ನೋಡಿದಳು. "ಲೋ, ಹಂಗಾದ್ರೆ ಅರ್ಧ ಇವರ್ದೂ ಆತಲ್ಲೋ. ಇವರನ್ನೂ ಕರ್ಕಂಡು ಹೋಗಾಕೆ ಬರಲ್ವಾ?"

"ಕೇಳ್ದೆ ಅಕ್ಕಾ, ಖುದಾ ಕಸಮ್ ಕೇಳ್ದೆ. ಯಾರ ಫೋನಿಂದ ಹೊಡೆದಾರೋ ಅವರೇ ಬರಬೇಕು ಅಂದ್ರು."

ಕೇಳಿದ್ದನಂತೆ. ಕೇಳದೆ ಇದ್ದಿದ್ದರೆ ಬಾಯಿ ತುಂಬ ಬೈಯಬಹುದಿತ್ತು. ಸುಣ್ಣದ ಹರಳು ನೀರಿಗೆ ಬಿದ್ದಾಗ ಮೊದಲು ಸುಮ್ಮನಿದ್ದು, ಆಮೇಲೆ ತಳದಿಂದ ಕೊತಕೊತ ಕುದಿಯುತ್ತದಲ್ಲ, ದಾವೂದನ ಹೊಟ್ಟೆಯೊಳಗೆ ಹಾಗಾಯಿತು. "ಒಳ್ಳೇದಾಗ್ಲಿ" ಅಂದ. ಜಿಲೇಬಿಯನ್ನು ಮಗಳು ಅರ್ಷಿಯಾಳ ಕೈಗೆ ದಾಟಿಸಿದ.

ಹೊರಡುವ ದಿನ ಇಮಾಮ್ ಜಾಮಿನ್ ಕಟ್ಟುವ ಕೆಲಸವೂ ಅವನ ತಲೆಗೇ ಬಂತು. ದೂರದೂರಿಗೆ ಹೋಗುವವರ ಬಲತೋಳಿಗೆ ಮನೆಯ ಹಿರಿಯರು ಬಟ್ಟೆಯಲ್ಲಿ ನಾಣ್ಯ ಸುತ್ತಿ ಕಟ್ಟುವುದು ಪದ್ಧತಿ; ಕ್ಷೇಮವಾಗಿ ತಲುಪಿದ ಮೇಲೆ ಅದನ್ನು ಬಡವರಿಗೆ ಕೊಡಬೇಕು. ಮುಜಮ್ಮಿಲನಿಗೆ ತಂದೆ ಇರಲಿಲ್ಲ. ಹೊಸ ಶರ್ಟಿನ ತೋಳು ಮಡಿಸಿ ಕೈ ಚಾಚಿದ. ದಾವೂದ್ ಗಂಟು ಬಿಗಿದ.

"ಅಬ್ಬಬ್ಬಾ, ರಕ್ತ ಓಡಲ್ಲ ದೂಲಾಭಾಯಿ!"

"ವಿಮಾನದಾಗೆ ಉದುರಬಾರದಲ್ಲ" ಅಂದ ದಾವೂದ್. ಸುತ್ತ ನಿಂತಿದ್ದವರೆಲ್ಲ ನಕ್ಕರು. ಅವನೂ ನಕ್ಕ.

ಮೂರನೇ ದಿನದಿಂದ ಅರ್ಷಿಯಾಳ ಫೋನಿಗೆ ಫೋಟೊಗಳು ಬರತೊಡಗಿದವು. "ಅಬ್ಬಾ, ಮಾಮು ಅಯಾ ಸೋಫಿಯಾದಾಗೆ ಐತೆ, ಬಾ ನೋಡು!" ಅಂತ ಮಗಳು ಕರೆದರೆ, ಏನೋ ಕೆಲಸವಿದ್ದವನ ಹಾಗೆ ಅಲ್ಲಿ ಇಲ್ಲಿ ಸುತ್ತಿ, ಕೊನೆಗೆ ಕನ್ನಡಕ ಹಾಕಿಕೊಂಡು ಬಂದು ಕೂರುತ್ತಿದ್ದ. ಅವನಿಗೆ ನೋಡಬೇಕಾಗಿದ್ದದ್ದು ಎರಡೇ ಜಾಗ. ಚೌಕದ ಗೋಡೆ ಗುಂಡಗೆ ತಿರುಗುವ ಮೂಲೆ ಒಂದು. ಗುಮ್ಮಟದ ಬುಡ ಗೋಡೆಯ ಮೇಲೆ ಕೂರುವ ಸುತ್ತು ಇನ್ನೊಂದು. ಜೀವಮಾನವೆಲ್ಲ ಅವನು ಗುದ್ದಾಡಿದ್ದು ಆ ಎರಡು ಜಾಗಗಳ ಜೊತೆಗೇ. ಒಂದು ಫೋಟೊದಲ್ಲಿ ಮೂಲೆ ಇರಬೇಕಾದಲ್ಲಿ ಮುಜಮ್ಮಿಲನ ಕಪ್ಪು ಕನ್ನಡಕವಿತ್ತು. ಇನ್ನೊಂದರಲ್ಲಿ ಬುಡ ಇರಬೇಕಾದಲ್ಲಿ ಅವನು ಎರಡು ಬೆರಳು ಎತ್ತಿದ್ದ. ರೋಮಿನ ಇಗರ್ಜಿಯನ್ನಂತೂ ಅವನ ತಲೆಗೂದಲು ಪೂರ್ತಿ ನುಂಗಿಹಾಕಿತ್ತು.

"ಸ್ವಲ್ಪ ಪಕ್ಕಕ್ಕೆ ನಿಂತು ಹೊಡೆಯೋ ಅಂತ ಮೆಸೇಜ್ ಹಾಕ್ಲಾ?" ಅಂದಳು ಅರ್ಷಿಯಾ.

"ಬ್ಯಾಡ. ಅವನ ಟೂರು, ಅವನ ತಲೆ."

ಅಷ್ಟರಲ್ಲಿ ನಲ್ಲೂರಿನಿಂದ ಮಹೇಶ್ವರಪ್ಪನ ಫೋನು ಬಂತು. ಅಡಿಕೆ ಬೆಳೆಗಾರ, ಊರಿನಲ್ಲಿ ಮಾತು ನಡೆಯುವ ಯಜಮಾನ. ಊರ ಹೊರಗಿನ ಅಜ್ಜಯ್ಯನ ಗದ್ದುಗೆಗೆ ಹೊಸದಾಗಿ ಕಟ್ಟಡ ಎತ್ತಿಸುತ್ತಿದ್ದ. ಹದಿನಾಲ್ಕು ಅಡಿ ಚೌಕ, ಒಂದೂವರೆ ಅಡಿ ದಪ್ಪದ ಗೋಡೆ. ಗೋಡೆ ಎಬ್ಬಿಸಿ, ಮೂಲೆ ತಿರುಗಿಸಿ, ಮೇಲೆ ಸುತ್ತು ಬೀಮ್ ಹಾಕಿ ನಿಲ್ಲಿಸಿದ್ದು ದಾವೂದನೇ. ಉಳಿದಿದ್ದು ಗುಮ್ಮಟ. ಅವನ ಹನ್ನೆರಡನೆಯದು.

"ನೋಡಪಾ ದಾವೂದ್, ಬ್ಯಾಸರ ಮಾಡ್ಕಬ್ಯಾಡ" ಅಂತಲೇ ಮಹೇಶ್ವರಪ್ಪ ಶುರುಮಾಡಿದ. "ನಿಮ್ಮ ಬಾಮೈದನ ಫೋಟೊ ನಮ್ಮೂರ ಗ್ರೂಪಿಗೆ ಬಂದಾವೆ. ಎಂಥೆಂಥ ಗುಡಿ, ಎಂಥೆಂಥ ಗುಮ್ಮಟ! ಕಮಿಟಿಯೋರು ಏನಂತಾರೆ ಅಂದ್ರೆ, ಪ್ರಪಂಚ ನೋಡ್ಕಂಡು ಬಂದ ಕೈ, ಗುಮ್ಮಟ ಅವನೇ ಏರಿಸಲಿ ಅಂತ."

"ಗೌಡ್ರೆ, ಅವನು ಗುಮ್ಮಟ ಕಟ್ಟಿಲ್ರಿ."

"ನೀನು ನೋಡಿಲ್ಲಲ್ಲಪಾ."

ಫೋನು ಇಟ್ಟ ಮೇಲೆ ದಾವೂದನಿಗೆ ಗೋಡೆಯ ಮೇಲಿನ ಚಿತ್ರಗಳನ್ನು ನೋಡಲೂ ಆಗಲಿಲ್ಲ. ಎದ್ದು ಬೇರೆ ಗೋಡೆಗೆ ಮುಖ ಮಾಡಿ ಕುಳಿತ.

ಮುಜಮ್ಮಿಲ್ ಬಂದ. ಮಾಲೆ ಬಿದ್ದವು, ಶಾಲು ಬಿತ್ತು. ಚನ್ನಗಿರಿಯ ಹಾರ್ಡ್‌ವೇರ್ ಅಂಗಡಿಯ ಮುಂದೆ ಅವನದೇ ಫ್ಲೆಕ್ಸು. ಅಕ್ಕನಿಗೆ ಒಂದು ಸ್ಕಾರ್ಫು, ಅರ್ಷಿಯಾಗೆ ಒಂದು ಬ್ಯಾಗು, ಭಾವನಿಗೆ ಅಂಗೈಯಲ್ಲಿ ಹಿಡಿಸುವ ಒಂದು ಪ್ಲಾಸ್ಟರಿನ ಅಯಾ ಸೋಫಿಯಾ ತಂದಿದ್ದ. ದಾವೂದ್ ಅದನ್ನು ತಿರುಗಿಸಿ ಬುಡ ನೋಡಿದ. ಒಳಗೆ ಪೊಳ್ಳು. "ಚೆನ್ನಾಗೈತೆ" ಅಂದ.

ನಲ್ಲೂರಿನ ಕೆಲಸ ಬೇಡ ಅನ್ನುತ್ತಾನೇನೋ ಅಂತ ಎರಡು ದಿನ ಕಾದ. ಮುಜಮ್ಮಿಲ್ ಅನ್ನಲಿಲ್ಲ. ಇಷ್ಟು ಶಾಲು ಹೊದ್ದವನು 'ನನಗೆ ಬರಲ್ಲ' ಅಂತ ಯಾವ ಬಾಯಿಯಿಂದ ಹೇಳಿಯಾನು? ಕೆಲಸ ಶುರುಮಾಡಿದ. ದಾವೂದನಿಂದ ತಾನೇ ಕಲಿತ ಹಾಗೆ ನಡುವೆ ಪೈಪು ನಿಲ್ಲಿಸಿ, ಅದಕ್ಕೆ ಗುಮ್ಮಟದ ವಾರೆಗೆ, ಅದರ ಬಾಗಿಗೆ ಸರಿಯಾಗಿ ಕೊಯ್ದ ಹಲಗೆ ಕಟ್ಟಿ ತಿರುಗಿಸುತ್ತಾ, ಒಳಗೆ ಆಸರೆಯ ಸೆಂಟ್ರಿಂಗ್ ಏರಿಸಿ, ಇಟ್ಟಿಗೆ ಸುತ್ತತೊಡಗಿದನಂತೆ. ನಲ್ಲೂರಿನಿಂದ ಬಂದವರೆಲ್ಲ ಇದೇ ಸುದ್ದಿ ತರುತ್ತಿದ್ದರು.

ದಾವೂದ್ ಒಂದು ಸೋಮವಾರ, ಯಾರೋ ಸೈಟು ತೋರಿಸಲು ಕರೆದಿದ್ದಾರೆಂದು ಮನೆಯಲ್ಲಿ ಹೇಳಿ, ನಲ್ಲೂರಿನ ಬಸ್ಸು ಹತ್ತಿದ. ಗದ್ದುಗೆಗೆ ಎದುರಾಗಿ ಬೈಲಪ್ಪನ ಚಹಾದಂಗಡಿ. ಅದರ ಒಳಬೆಂಚಿನಲ್ಲಿ, ಹೊರಗಿನವರಿಗೆ ಕಾಣದ ಹಾಗೆ ಕುಳಿತ.

"ಏನ್ ಮೇಸ್ತ್ರಿ, ಬಾಮೈದನ ಕೆಲಸ ನೋಡಾಕೆ ಬಂದ್ರಾ?" ಅಂದ ಬೈಲಪ್ಪ.

"ಚಾ ಕುಡಿಯಾಕೆ ಬಂದೆ."

"ಚನ್ನಗಿರಿಯಾಗೆ ಚಾ ಖಾಲಿ ಆಗೇತಾ?"

ದಾವೂದ್ ಲೋಟ ಹಿಡಿದು ಎದುರಿಗೆ ನೋಡಿದ. ಗುಮ್ಮಟ ಮುಗಿಯುತ್ತಾ ಬಂದಿತ್ತು, ಮೇಲಿನ ಮುಚ್ಚಿಗೆ ಒಂದೇ ಬಾಕಿ. ವಾರೆ ಚೆನ್ನಾಗಿಯೇ ಬಂದಿತ್ತು. ಒಂದು ಕಡೆಯಾದರೂ ಉಬ್ಬಿದೆಯೇ ಅಂತ ಹುಡುಕಿದ, ಸಿಗಲಿಲ್ಲ. ಆಮೇಲೆ ಬುಡ ನೋಡಿದ. ಬುಡದ ಸುತ್ತಲೂ ಕಿಟಕಿಗಳು. ಎಣಿಸಿದ, ಹದಿನಾರು. ಒಂದು ಕಿಟಕಿಗೂ ಇನ್ನೊಂದಕ್ಕೂ ನಡುವೆ ಒಂಬತ್ತಿಂಚಿನ ಇಟ್ಟಿಗೆ ಕಂಬ, ಅದರ ಹಿಂದೆ ಏನೂ ಇಲ್ಲ. ಬರೀ ಆಕಾಶ.

ಗುಮ್ಮಟ ಅನ್ನುವುದು ಕೆಳಕ್ಕೆ ಮಾತ್ರ ಕೂರುವುದಿಲ್ಲ, ಹೊರಕ್ಕೂ ಒದೆಯುತ್ತದೆ. ಕಾಲು ಅಗಲಿಸಿ ಕೂತವನು ಜಾರುವ ಹಾಗೆ. ಆ ಒದೆತ ತಡೆಯುವುದಕ್ಕೆಂದೇ ಬುಡವನ್ನು ದಪ್ಪಗೆ, ಒಂದೇ ಸಮ ಬಿಗಿಯಬೇಕು. ಮುಜಮ್ಮಿಲ್ ಅಲ್ಲಿಯೇ ಹದಿನಾರು ತೂತು ಬಿಟ್ಟಿದ್ದ. ಒಳಗೆ ಸೆಂಟ್ರಿಂಗ್ ಇರುವ ತನಕ ನಿಲ್ಲುತ್ತದೆ. ತೆಗೆದ ದಿನ ಆ ಕಂಬಗಳು ಒಂದೊಂದಾಗಿ ಹೊರಕ್ಕೆ ವಾಲುತ್ತವೆ.

ದಾವೂದ್ ಇನ್ನೊಂದು ಚಾ ಹೇಳಿದ. ಸಕ್ಕರೆ ಹೆಚ್ಚಿದ್ದರೂ ಚಪ್ಪರಿಸಿ ಕುಡಿದ. ಬಿರುಕು ಬಿಡುತ್ತದೆ; ಮಹೇಶ್ವರಪ್ಪನ ಮುಖ ಹೇಗಾಗುತ್ತದೆ, ಆ ಫ್ಲೆಕ್ಸು ಎಷ್ಟು ಹೊತ್ತಿಗೆ ಇಳಿಯುತ್ತದೆ ಅಂತ ವಾಪಸು ಬರುವ ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದ. ಎಷ್ಟೋ ದಿನದ ಮೇಲೆ ಅವತ್ತು ಹೊಟ್ಟೆ ತುಂಬ ಉಂಡ. ಮಂಗಳವಾರ ಉಬ್ರಾಣಿಯಲ್ಲಿ ಒಂದು ಕೆಲಸ ನೋಡಿ ಬಂದ. ಬುಧವಾರವೂ ಯಾರಿಗೂ ಏನೂ ಹೇಳಲಿಲ್ಲ. ವಾರಗಳು ಹೋದವು, ಗುಮ್ಮಟ ಮುಗಿದು, ನೀರು ಕುಡಿದು ಗಟ್ಟಿಯಾಗುತ್ತಿತ್ತು. ಹೇಳಬೇಕು ಅನ್ನಿಸಿದಾಗಲೆಲ್ಲ 'ನೀನು ನೋಡಿಲ್ಲಲ್ಲಪಾ' ಅನ್ನುವ ಮಾತು ಕಿವಿಯಲ್ಲಿ ಕೇಳುತ್ತಿತ್ತು. ನೋಡಿದವನಿಗೇ ಗೊತ್ತಿರಬೇಕಲ್ಲ, ನೋಡದವನನ್ನು ಯಾಕೆ ಕೇಳಬೇಕು?

ಒಂದು ಬೆಳಿಗ್ಗೆ ಚಮನಬಿ ರೊಟ್ಟಿ ಬಡಿಯುತ್ತಾ ಅಂದಳು, "ನಾಳೆ ನಲ್ಲೂರಾಗೆ ಸೆಂಟ್ರಿಂಗ್ ತೆಗೀತಾರಂತೆ. ಮುಜ್ಜು ಫೋನ್ ಮಾಡಿದ್ದ. ದೂಲಾಭಾಯಿ ಬರ್ತಾರಾ ಅಂತ ಕೇಳ್ದ."

"ನನಗೇನು ಕೆಲಸ ಅಲ್ಲಿ?"

"ನೀವು ಹೇಳಿಕೊಟ್ಟಂಗೇ ಮಾಡ್ತಾನಂತೆ. ಎಲ್ಲಾರನ್ನೂ ಹೊರಗೆ ಕಳಿಸಿ, ಕಡೇ ಆಸರೆ ಕಂಬ ತಾನೇ ಒಳಗೆ ನಿಂತು ಹೊಡೀತಾನಂತೆ. ಮೈ ಜುಂ ಅಂತೈತೆ, ದುವಾ ಮಾಡಕ್ಕಾ ಅಂದ."

ದಾವೂದನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು.

ಅದು ಅವನಿಗೆ ಕೆಲಸ ಕಲಿಸಿದ ಉಸ್ತಾದರಿಂದ ಬಂದ ಕಟ್ಟಳೆ. ಗುಮ್ಮಟ ಕಟ್ಟಿದ ಮೇಸ್ತ್ರಿ, ಕೊನೆಯ ಆಸರೆ ಕಂಬವನ್ನು ಬೇರೆಯವರ ಕೈಯಲ್ಲಿ ತೆಗೆಸಬಾರದು. ತಾನೇ ಕೆಳಗೆ ನಿಂತು ತೆಗೆಯಬೇಕು. ಹನ್ನೊಂದು ಸಲ ಹನ್ನೊಂದು ಊರಿನಲ್ಲಿ ದಾವೂದ್ ಹಾಗೆ ನಿಂತಿದ್ದ. ಇದನ್ನೆಲ್ಲ ಮುಜಮ್ಮಿಲನಿಗೆ ಹೇಳಿಕೊಟ್ಟವನೂ ಅವನೇ. ಇಷ್ಟು ದಿನ ಅವನು ಮನಸ್ಸಿನಲ್ಲಿ ಬಿರುಕು ನೋಡಿದ್ದ, ಮಹೇಶ್ವರಪ್ಪನ ಮುಖ ನೋಡಿದ್ದ, ಇಳಿಯುವ ಫ್ಲೆಕ್ಸು ನೋಡಿದ್ದ. ಆ ಗುಮ್ಮಟದ ಕೆಳಗೆ ಒಬ್ಬ ಮನುಷ್ಯನನ್ನು ಮಾತ್ರ ನಿಲ್ಲಿಸಿರಲಿಲ್ಲ. ನಿಲ್ಲಿಸಿರಲಿಲ್ಲವೋ, ನಿಂತದ್ದು ಗೊತ್ತಿದ್ದೂ ಆ ಕಡೆ ತಿರುಗಿರಲಿಲ್ಲವೋ, ಅದು ಅವನಿಗೂ ಬಗೆಹರಿಯಲಿಲ್ಲ.

"ಎಲ್ಲಿಗೆ ರೀ, ಕೈ ತೊಳೀದೆ?" ಅಂತ ಚಮನಬಿ ಕೂಗುವಷ್ಟರಲ್ಲಿ ಬಸ್‌ಸ್ಟ್ಯಾಂಡಿನ ದಾರಿ ಹಿಡಿದಿದ್ದ.

ಮುಜಮ್ಮಿಲ್ ಅಟ್ಟಣೆಯ ಮೇಲಿದ್ದ. ಭಾವನನ್ನು ಕಂಡು ಹಲ್ಲು ಬಿಟ್ಟ.

"ಬರ್ರಿ ಬರ್ರಿ! ಹೆಂಗೈತೆ?"

ದಾವೂದ್ ಅಟ್ಟಣೆ ಹತ್ತಿಹೋಗಿ ಅವನ ಪಕ್ಕ ನಿಂತ. "ಈ ಕಿಟಕಿ ಯಾರು ಹೇಳಿದ್ರೋ ನಿನಗೆ?"

"ಅಯಾ ಸೋಫಿಯಾದಾಗೆ ನಲವತ್ತು ಐತೆ, ನಾನೇ ಎಣಿಸೀನಿ. ಒಳಗೆ ನಿಂತು ನೋಡಿದ್ರೆ ಗುಮ್ಮಟ ಗಾಳಿಯಾಗೆ ತೇಲ್ತೈತೆ ದೂಲಾಭಾಯಿ. ಸಾವಿರದೈನೂರು ವರ್ಷದಿಂದ ನಿಂತೈತೆ."

"ಮೊದಲು ಕಟ್ಟಿದ್ದು ಇಪ್ಪತ್ತು ವರ್ಷಕ್ಕೇ ಬಿತ್ತು, ಪೇಪರಿನಾಗೆ ಓದೀನಿ. ಗೊತ್ತಾ?"

ಮುಜಮ್ಮಿಲನಿಗೆ ಗೊತ್ತಿರಲಿಲ್ಲ.

"ಹೊರಗಿಂದ ನೋಡಿದೇನೋ? ಎರಡು ಕಿಟಕಿ ನಡುವೆ ಹೊರಗೆ ಏನೈತೆ?"

"ಹೊರಗೆ... ಏನೋ ಐತೆ. ನೆನಪಿಲ್ಲ."

"ಫೋಟೊ ತೆಗಿ. ನಿನ್ನ ತಲೆ ಇಲ್ಲದ್ದು."

ಅಂಥದ್ದು ಹುಡುಕುವುದಕ್ಕೆ ಹೊತ್ತು ಹಿಡಿಯಿತು. ಜೊತೆಗೆ ಬಂದಿದ್ದ ಮೇಸ್ತ್ರಿಯೊಬ್ಬ ಬಸ್ಸಿನ ಹತ್ತಿರ ನಿಂತು ತೆಗೆದದ್ದು ಒಂದು ಸಿಕ್ಕಿತು. ಅದರಲ್ಲಿ ಮುಜಮ್ಮಿಲ್ ಕಣ್ಣು ಮುಚ್ಚಿಕೊಂಡು ಒಂದು ಮೂಲೆಗೆ ಸರಿದಿದ್ದ. ದಾವೂದ್ ಎರಡು ಬೆರಳಿನಿಂದ ಚಿತ್ರ ಹಿಗ್ಗಿಸಿದ; ಗಾರೆ ತಿಂದು ಒರಟಾದ ಬೆರಳು, ಮೂರು ಸಲ ಎಳೆದ ಮೇಲೆ ಹಿಗ್ಗಿತು. ಕಂಡಿತು. ಒಂದೊಂದು ಕಿಟಕಿಯ ನಡುವೆಯೂ ಹೊರಗಿನಿಂದ ಒಂದೊಂದು ದಪ್ಪನೆಯ ಆನಿಕೆ, ಬುಡಕ್ಕೆ ಹೆಗಲು ಕೊಟ್ಟು ನಿಂತಿತ್ತು. ನಲವತ್ತು ಹೆಗಲು.

"ಇದನ್ನ ನೀನು ಅಲ್ಲಿ ನಿಂತು ನೋಡಲಿಲ್ವೇನೋ?" ಅಂದ. ಬೈಗುಳದ ಹಾಗೆ ಬರಬೇಕಾಗಿದ್ದ ಮಾತು, ಬೇಡುವವನ ಮಾತಿನ ಹಾಗೆ ಬಂತು.

ಮುಜಮ್ಮಿಲ್ ತನ್ನ ಹದಿನಾರು ಕಂಬಗಳನ್ನು ನೋಡಿದ, ಫೋನು ನೋಡಿದ. ಮುಖ ಸುಣ್ಣವಾಯಿತು. ಅಟ್ಟಣೆಯ ಮೇಲೆ ಹಾಗೇ ಕುಕ್ಕರಿಸಿದ.

ಸೆಂಟ್ರಿಂಗ್ ತೆಗೆಯುವುದು ಮುಂದಕ್ಕೆ ಹೋಯಿತು. ಬುಡಕ್ಕೆ ಸುತ್ತಲೂ ಕಬ್ಬಿಣದ ಪಟ್ಟಿ ಬಿಗಿದು, ಹದಿನಾರು ಕಂಬದ ಹಿಂದೆ ಹದಿನಾರು ಆನಿಕೆ ಕಟ್ಟಿದರು. ಇಬ್ಬರೂ ಸೇರಿಯೇ ಕಟ್ಟಿದರು; ಮಾತು ಕಡಿಮೆ. ಯಾಕೆ ತಡ ಅಂತ ಮಹೇಶ್ವರಪ್ಪ ಕೇಳಲು ಬಂದ ದಿನ ದಾವೂದ್ ಕೆಳಗೆ ಇಟ್ಟಿಗೆ ನೆನೆಸುತ್ತಿದ್ದ. ಮೇಲಿನಿಂದ ಮುಜಮ್ಮಿಲನ ದನಿ ಕೇಳಿತು: "ಇಸ್ತಾಂಬುಲಿನಾಗೆ ಹಿಂಗೇ ಐತೆ ಗೌಡ್ರೆ. ಇದಿಲ್ಲದಿದ್ರೆ ನಿಲ್ಲಲ್ಲ."

"ನೋಡ್ಕಂಡು ಬಂದೋರೇ ಬೇರೆ ಬಿಡಪಾ" ಅಂದ ಮಹೇಶ್ವರಪ್ಪ. ಆಮೇಲೆ ಕೆಳಗೆ ನೋಡಿ, "ಏನ್ ದಾವೂದ್, ಬಾಮೈದನ ಹತ್ರ ಕಲೀತಿದೀಯಾ?"

ದಾವೂದ್ ಕೈಯಲ್ಲಿದ್ದ ಇಟ್ಟಿಗೆಯನ್ನು ನೀರಿನೊಳಗೆ ಅದುಮಿ ಹಿಡಿದ. ಅದು ಗುಳುಗುಳು ಅಂದು ಸುಮ್ಮನಾಗುವ ತನಕ ಬಿಡಲಿಲ್ಲ.

ಮೂರು ವಾರ ಕಳೆದು, ಆಸರೆ ಕಂಬಗಳನ್ನೆಲ್ಲ ತೆಗೆಯುವ ದಿನ ಊರಿನ ಹತ್ತಿಪ್ಪತ್ತು ಜನ ಅಂಗಳದಲ್ಲಿ ಸೇರಿದ್ದರು. ನಡುವಿನದೊಂದೇ ಉಳಿದಿತ್ತು. ಆಳುಗಳು ಹೊರಗೆ ಬಂದರು. ಮುಜಮ್ಮಿಲ್ ಸುತ್ತಿಗೆ ಹಿಡಿದು ಬಾಗಿಲಿಗೆ ನಡೆದ. ದಾವೂದ್ ಅಡ್ಡ ನಿಂತ.

"ಸುತ್ತಿಗೆ ಕೊಡು."

"ಕೆಲಸ ನನ್ನ ಹೆಸರಿನಾಗೈತೆ ದೂಲಾಭಾಯಿ. ನಾನೇ ಹೋಗ್ಬೇಕು."

"ಹೆಸರು ಇಟ್ಕೋ. ಸುತ್ತಿಗೆ ಕೊಡು."

"ಏನಾರ ಆದ್ರೆ ಅಕ್ಕ ನನ್ನ ಜೀವಂತ ಬಿಡಲ್ಲ."

ದಾವೂದ್ ಅವನ ಮುಖ ನೋಡಿದ. ಅವನು ಇಸ್ತಾಂಬುಲಿನಿಂದ ವಾಪಸು ಬಂದಂದಿನಿಂದ ಕೇಳಬಾರದೆಂದು ಹಲ್ಲು ಕಚ್ಚಿ ಇಟ್ಟುಕೊಂಡಿದ್ದ ಮಾತು, ತಾನಾಗಿಯೇ ಹೊರಗೆ ಬಂತು.

"ಅಲ್ಲಿ ಆ ಗುಮ್ಮಟದ ಕೆಳಗೆ ನಿಂತಾಗ ಹೆಂಗಿತ್ತೋ?"

ಮುಜಮ್ಮಿಲ್ ಸುತ್ತಿಗೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. "ನಿಜ ಹೇಳ್ಲಾ? ಬೆಳಿಗ್ಗೆಯಿಂದ ನಡೆದು ಕಾಲು ನೋಯ್ತಿತ್ತು. ಜನ ತಳ್ತಿದ್ರು. ಮೇಲೆ ನೋಡ್ದೆ... ಹೆದರಿಕೆ ಆತು. ಮನುಷ್ಯರು ಕಟ್ಟಿದ್ದಾ ಇದು ಅಂತ. ನಮ್ಮದು ಏನೂ ಅಲ್ಲ ಅನ್ನಿಸಿಬಿಡ್ತು. ಅದಕ್ಕೇ ಮೇಲೆ ನೋಡೋದು ಬಿಟ್ಟು ಬರೀ ಫೋಟೊ ಹೊಡ್ಕಂಡೆ." ಆಮೇಲೆ, "ನೀವು ಹೋಗಬೇಕಿತ್ತು. ಆ ಕೂಪನ್ನು ಅರ್ಧಕ್ಕಿಂತ ಜಾಸ್ತಿ ನಿಮ್ದೇ ಇದ್ವು" ಅಂದ.

ಈ ಮಾತು ಬರಲೆಂದು ದಾವೂದ್ ಎಷ್ಟು ದಿನ ಕಾದಿದ್ದ! ಬಂದ ಮೇಲೆ ಅದರಿಂದ ಏನೂ ತಣ್ಣಗಾಗಲಿಲ್ಲ. ಶಾಲಿಗೆ, ಫ್ಲೆಕ್ಸಿಗೆ, ವಿಮಾನಕ್ಕೆ ಪಟ್ಟ ಹೊಟ್ಟೆಕಿಚ್ಚೆಲ್ಲ ಸಣ್ಣದಾಗಿ, ಮುಜಮ್ಮಿಲನಿಗೆ ಆದ ಆ ಹೆದರಿಕೆಯ ಮೇಲೆ ಎಲ್ಲಕ್ಕಿಂತ ದೊಡ್ಡ ಹೊಟ್ಟೆಕಿಚ್ಚು ಹುಟ್ಟಿಕೊಂಡಿತು.

"ಆ ಹೆದರಿಕೆ ನನಗಾಗಬೇಕಿತ್ತು ಕಣೋ" ಅಂದ. "ಅಲ್ಲಿ ನೀನು ನಿಂತೆ. ಇಲ್ಲೂ ನಿನಗೆ ಬಿಡಲ್ಲ."

ಸುತ್ತಿಗೆ ಕಿತ್ತುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಮೊದಲ ಪೆಟ್ಟಿಗೆ ಕಂಬ ಅಲುಗಿತು. ಎರಡನೆಯದಕ್ಕೆ ಬುಡದ ಬೆಣೆ ಹಾರಿತು. ಮೂರನೆಯದಕ್ಕೆ ಕಂಬ ವಾಲಿ, ಗೋಡೆಗೆ ಸವರಿಕೊಂಡು ಬಿತ್ತು. ಮೇಲಿನಿಂದ ಒಂದಿಷ್ಟು ಗಾರೆಯ ಪುಡಿ ಅವನ ತಲೆ, ರೆಪ್ಪೆಗಳ ಮೇಲೆ ಉದುರಿತು. ಒಂದು ಸಲ ಎಲ್ಲೋ ಕಟಕ್ ಅಂದಿತು. ಅವನು ಕಣ್ಣು ಮುಚ್ಚಲಿಲ್ಲ. ಆಮೇಲೆ ಏನೂ ಇಲ್ಲ. ಗುಮ್ಮಟ ತನ್ನ ಭಾರವನ್ನು ಹದಿನಾರು ಹೆಗಲಿಗೆ ಹಂಚಿಕೊಟ್ಟು ಕುಳಿತುಬಿಟ್ಟಿತು.

ಪುಡಿ ಇಳಿದ ಮೇಲೆ ಕಿಟಕಿಗಳಿಂದ ಬೆಳಕು ಬಂತು. ಒಂದು ಕಡೆಯಿಂದಲ್ಲ, ಸುತ್ತಲಿನಿಂದ. ಹದಿನಾಲ್ಕು ಅಡಿಯ ಆ ಸಣ್ಣ ಗುಮ್ಮಟದ ಬುಡವೇ ಕಾಣಿಸದಂತಾಗಿ, ಮೇಲಿನದೆಲ್ಲ ಯಾರೂ ಹಿಡಿಯದೆ ತಾನೇ ನಿಂತ ಹಾಗಿತ್ತು. ಇಂಥದ್ದು ಅವನ ಹನ್ನೊಂದರಲ್ಲಿ ಒಂದೂ ಇರಲಿಲ್ಲ. ಆ ಮಗ ತೇಲುತ್ತದೆ ಅಂದಿದ್ದು ಸುಳ್ಳಲ್ಲ ಅನ್ನಿಸಿ, ಹೊಟ್ಟೆಯೊಳಗೆ ಮತ್ತೆ ಒಂದು ಸಲ ಕುದಿಯಿತು.

"ದೂಲಾಭಾಯಿ!" ಹೊರಗಿನಿಂದ ಮುಜಮ್ಮಿಲ್ ಬಾಗಿಲು ಬಡಿದ. "ಆರಾಮಿದೀರಾ? ನಿಂತೈತಾ? ದೂಲಾಭಾಯಿ, ಬಾಗಿಲು ತೆಗೀರಿ, ನಾನೂ ನೋಡ್ತೀನಿ!"

ಮಹೇಶ್ವರಪ್ಪನ ದನಿಯೂ ಕೇಳಿತು. ಬಾಗಿಲ ಮೇಲೆ ಇನ್ನೂ ಎರಡು ಮೂರು ಕೈಗಳು ಬಿದ್ದವು.

ದಾವೂದ್ ಸುತ್ತಿಗೆಯನ್ನು ಸದ್ದಾಗದಂತೆ ನೆಲಕ್ಕಿಟ್ಟು, ಸರಿಯಾಗಿ ನಡುವಿಗೆ ಬಂದು, ತಲೆ ಎತ್ತಿದ. ಬಡಿಯಲಿ. ಮುಜಮ್ಮಿಲ್ ಅಲ್ಲಿ ಅಯಾ ಸೋಫಿಯಾದ ಕೆಳಗೆ ಎಷ್ಟು ಹೊತ್ತು ನಿಂತಿದ್ದನೋ, ಇಲ್ಲಿ ಅದಕ್ಕಿಂತ ಜಾಸ್ತಿ ಹೊತ್ತು ಒಬ್ಬನೇ ನಿಂತ ಮೇಲೆಯೇ ಬಾಗಿಲು ತೆಗೆಯುವುದು ಅಂದುಕೊಂಡ.